ಕರಗಿದ ಕಾಯ, ಕರಗದ ಬಾಂಧವ್ಯ

ಸುಖದ ದಿನಗಳಲ್ಲಿ ಬಂಧುತ್ವವನ್ನು ಅಳೆಯುವುದು ಕಷ್ಟ. ಮನೆಯಲ್ಲಿ ಧಾನ್ಯವಿದ್ದು, ದೇಹದಲ್ಲಿ ಕಸುವಿದ್ದು, ಕೈಯಲ್ಲಿ ನಾಲ್ಕು ಕಾಸು ಆಡುತ್ತಿರುವಾಗ ಎಲ್ಲರೂ ಆತ್ಮೀಯರೇ. ಒಬ್ಬರ ದೇಹ ದಿನೇ ದಿನೇ ಸೊರಗತೊಡಗಿ, ಪಥ್ಯ, ಔಷಧ, ಆರೈಕೆಗಳ ಚಿಂತೆ ಮನೆಯನ್ನು ಆವರಿಸಿದಾಗ ಮಾತ್ರ ಪತಿ ಪತ್ನಿಯರ, ತಂದೆ ಮಕ್ಕಳ ಸಂಬಂಧದ ನಿಜವಾದ ತೂಕ ತಿಳಿಯುತ್ತದೆ. ತಕ್ಕಡಿಯಲ್ಲಿ ದೇಹದ ತೂಕ ಇಳಿದಂತೆಲ್ಲ ಬಾಂಧವ್ಯದ ತೂಕ ಏರುವ ಮನೆಗಳುಂಟು. ಎರಡೂ ಒಟ್ಟಿಗೆ ಇಳಿಯುವ ಮನೆಗಳೂ ಉಂಟು.

ಈ ಮಾತಿಗೆ ಇತಿಹಾಸದಲ್ಲಿ ಹಲವು ನಿದರ್ಶನಗಳು ದೊರೆಯುತ್ತವೆ. ಅವುಗಳಲ್ಲಿ ಮಹಾತ್ಮಾ ಗಾಂಧಿ ಮತ್ತು ಕಸ್ತೂರಬಾ ಅವರ ದಾಂಪತ್ಯವು ವಿಶೇಷವಾಗಿ ಮನನಯೋಗ್ಯವಾದುದು. ಇಬ್ಬರೂ ಬೇರೆ ಬೇರೆ ಕಾಲದಲ್ಲಿ ಎಲುಬಿನ ಹಂದರವಾಗಿ ಮೃತ್ಯುವಿನ ಹೊಸ್ತಿಲಿಗೆ ಹೋಗಿ ಬಂದವರು. ಎರಡು ಸಂದರ್ಭಗಳಲ್ಲಿಯೂ ಪ್ರಶ್ನೆ ಎದ್ದದ್ದು ಆಹಾರದ ಬಗ್ಗೆ. ಎರಡು ಸಂದರ್ಭಗಳಲ್ಲಿಯೂ ವ್ರತ ಮತ್ತು ಪ್ರಾಣ ಎದುರುಬದುರಾಗಿ ನಿಂತವು. ಆಗ ಆ ದಂಪತಿಗಳು ಪರಸ್ಪರ ಹೇಗೆ ನಡೆದುಕೊಂಡರೆಂಬುದನ್ನು ಅವಲೋಕಿಸುವುದು ಈ ಲೇಖನದ ಉದ್ದೇಶ.

ಜೈನ ಸಾಧುವಿನ ಮುಂದೆ ಕೈಗೊಂಡ ವ್ರತ

ಗಾಂಧೀಜಿಯವರ ಆಹಾರನಿಷ್ಠೆಯ ಬೇರು ಅವರ ತಾಯಿ ಪುತಲೀಬಾಯಿಯವರಲ್ಲಿದೆ. ಮಗನು 1888ರಲ್ಲಿ ವಿಲಾಯಿತಿಗೆ ಹೊರಟಾಗ ಆ ತಾಯಿ ಕಳವಳಗೊಂಡು, ಕುಟುಂಬದ ಹಿತೈಷಿಗಳಾಗಿದ್ದ ಬೇಚರ್‌ಜೀ ಸ್ವಾಮಿ ಎಂಬ ಜೈನ ಸಾಧುಗಳ ಸಲಹೆ ಕೇಳಿದರು. ಆ ಸಾಧುಗಳು ಪೂರ್ವಾಶ್ರಮದಲ್ಲಿ ಗಾಂಧಿ ಮನೆತನದವರಂತೆಯೇ ಮೋಢ ವಣಿಕ ಕುಲದವರು. ಮದ್ಯ, ಮಾಂಸ, ಪರಸ್ತ್ರೀಸಂಗ ಈ ಮೂರನ್ನೂ ಮುಟ್ಟಲಾರೆನೆಂಬ ಪ್ರತಿಜ್ಞೆಯನ್ನು ಯುವಕ ಮೋಹನದಾಸನಿಂದ ಅವರು ಮಾಡಿಸಿದ ಬಳಿಕವೇ ತಾಯಿಯ ಅಪ್ಪಣೆ ದೊರೆಯಿತು.

1891ರಲ್ಲಿ ವಿಲಾಯಿತಿಯಿಂದ ಮರಳಿ ಮುಂಬಯಿಯಲ್ಲಿ ಕಾಲಿಟ್ಟಾಗ ಅವರಿಗೆ ಮತ್ತೊಬ್ಬ ಜೈನ ಮಹನೀಯರ ಪರಿಚಯವಾಯಿತು. ಅವರೇ ರತ್ನವ್ಯಾಪಾರಿಯೂ ಆತ್ಮಜ್ಞಾನಿಯೂ ಆಗಿದ್ದ ಶ್ರೀಮದ್ ರಾಜಚಂದ್ರರು. ಲಕ್ಷಾಂತರ ರೂಪಾಯಿಗಳ ವ್ಯವಹಾರ ಮುಗಿದೊಡನೆ ಧರ್ಮಗ್ರಂಥವನ್ನೋ ಟಿಪ್ಪಣಿ ಪುಸ್ತಕವನ್ನೋ ಕೈಗೆತ್ತಿಕೊಳ್ಳುತ್ತಿದ್ದ ಈ ಶ್ರಾವಕನ ಪ್ರಭಾವ ಗಾಂಧೀಜಿಯವರ ಮೇಲೆ ಆಳವಾಗಿ ಆಯಿತು. 1867ರಲ್ಲಿ ಜನಿಸಿದ ರಾಜಚಂದ್ರರು 1901ರಲ್ಲಿ, ಮೂವತ್ತಮೂರನೆಯ ವಯಸ್ಸಿನಲ್ಲಿಯೇ ದೇಹತ್ಯಾಗ ಮಾಡಿದರು.

ಈ ಇಬ್ಬರ ನಡುವೆ ನಡೆದ ಒಂದು ಸಂಭಾಷಣೆ ಪ್ರಸ್ತುತ ವಿಷಯಕ್ಕೆ ಕೈದೀಪದಂತಿದೆ. ಇಂಗ್ಲೆಂಡಿನ ಪ್ರಧಾನಮಂತ್ರಿ ಗ್ಲಾಡ್‌ಸ್ಟನ್ನರ ಪತ್ನಿಯು ಪಾರ್ಲಿಮೆಂಟಿನ ಸಭೆಯಲ್ಲಿಯೂ ಪತಿಗೆ ತಾನೇ ಚಹಾ ಮಾಡಿಕೊಡುತ್ತಿದ್ದಳೆಂಬ ಸಂಗತಿಯನ್ನು ಎಲ್ಲಿಯೋ ಓದಿದ್ದ ಗಾಂಧೀಜಿ, ದಾಂಪತ್ಯಪ್ರೇಮಕ್ಕೆ ಇದು ಉತ್ತಮ ನಿದರ್ಶನವೆಂದು ಹೊಗಳಿದರು. ರಾಜಚಂದ್ರರು ಮರುಪ್ರಶ್ನೆ ಹಾಕಿದರು: ಇದರಲ್ಲಿ ನೀವು ಹೆಚ್ಚು ಬೆಲೆ ಕಟ್ಟುವುದು ಪತ್ನಿಯೆಂಬ ಸಂಬಂಧಕ್ಕೋ, ಸಂಬಂಧವನ್ನು ಮೀರಿದ ಸೇವಾಭಾವಕ್ಕೋ? ಅದೇ ಸೇವೆಯನ್ನು ಒಬ್ಬ ಸೋದರಿಯೋ ಒಬ್ಬ ಸೇವಕಿಯೋ ಮಾಡಿದ್ದರೆ ಇಷ್ಟೇ ಮೆಚ್ಚುತ್ತಿದ್ದಿರೋ? ಮೊದಲಿಗೆ ಈ ಮಾತು ಗಾಂಧೀಜಿಯವರಿಗೆ ಕಠೋರವೆನಿಸಿತು. ಆದರೆ ಅದು ಮನಸ್ಸಿನಲ್ಲಿ ನೆಟ್ಟುಹೋಯಿತು. ನಿಕಟ ಸಂಬಂಧದಲ್ಲಿ ನಾವು ಪ್ರೀತಿಸುವುದು ವ್ಯಕ್ತಿಯನ್ನೋ, ಆ ವ್ಯಕ್ತಿಯ ಮೇಲೆ ನಮಗಿರುವ ಅಧಿಕಾರವನ್ನೋ ಎಂಬುದೇ ಆ ಪ್ರಶ್ನೆಯ ತಿರುಳು.

ಅಧಿಕಾರದಿಂದ ಆರಂಭವಾದ ದಾಂಪತ್ಯ

ಅಧಿಕಾರಬುದ್ಧಿ ಗಾಂಧೀಜಿಯವರಲ್ಲಿ ಕಡಿಮೆಯಿರಲಿಲ್ಲ. ಹದಿಮೂರನೆಯ ವಯಸ್ಸಿಗೆ ಮದುವೆಯಾದ ಅವರು ಪತ್ನಿಯು ತಮ್ಮ ಅಪ್ಪಣೆಯಿಲ್ಲದೆ ಹೊರಗೆ ಹೋಗಬಾರದೆಂದು ಕಟ್ಟಪ್ಪಣೆ ಮಾಡುತ್ತಿದ್ದ ಬಾಲಪತಿ. ಕಸ್ತೂರಬಾ ಅದಕ್ಕೆ ಸೊಪ್ಪು ಹಾಕದೆ ದೇವಸ್ಥಾನಕ್ಕೂ ಗೆಳತಿಯರ ಮನೆಗೂ ಹೋಗಿಬರುತ್ತಿದ್ದರು.

1898ರ ಸುಮಾರಿಗೆ ದರ್ಬಾನಿನ ಮನೆಯಲ್ಲಿ ನಡೆದ ಘಟನೆ ಇನ್ನೂ ಕಹಿಯಾದುದು. ಮನೆಯಲ್ಲಿ ಉಳಿದುಕೊಂಡಿದ್ದ ಗುಮಾಸ್ತರೊಬ್ಬರ ಮೂತ್ರಪಾತ್ರೆಯನ್ನು ಹೊರಗೆ ಚೆಲ್ಲುವ ಕೆಲಸವನ್ನು ಕಸ್ತೂರಬಾ ಕಣ್ಣೀರಿಡುತ್ತಲೇ ಮಾಡಿದರು. ಗಾಂಧೀಜಿಯವರಿಗೆ ಅಷ್ಟು ಸಾಲದಾಯಿತು. ನಗುನಗುತ್ತ ಮಾಡಬೇಕೆಂದು ಗದರಿಸಿದರು. ಮಾತಿಗೆ ಮಾತು ಬೆಳೆದು, ಆಕೆಯ ಕೈ ಹಿಡಿದು ಎಳೆದುಕೊಂಡು ಹೋಗಿ ಹೊರಗೆ ತಳ್ಳಲು ಬಾಗಿಲು ತೆರೆದರು. ಈ ಪರದೇಶದಲ್ಲಿ ತಾಯಿ ತಂದೆಯರಿಲ್ಲದ ತಾನು ಎಲ್ಲಿಗೆ ಹೋಗಬೇಕು, ನಿಮಗೆ ನಾಚಿಕೆಯಿಲ್ಲವೇ ಎಂದು ಆಕೆ ಅಳುತ್ತ ಕೇಳಿದಾಗ ಗಾಂಧೀಜಿ ತಲೆತಗ್ಗಿಸಿ ಬಾಗಿಲು ಮುಚ್ಚಿದರು. ಈ ಘಟನೆಯನ್ನು ಅವರು ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿರುವುದರಿಂದಲೇ ಅದು ನಮಗೆ ತಿಳಿದಿದೆ.

ಅಂದರೆ ಮುಂದೆ ಬಂದ ಸಂಕಟದ ದಿನಗಳಿಗೆ ಈ ದಂಪತಿಗಳು ಸಿದ್ಧಪಡಿಸಿದ ಪರಿಪೂರ್ಣ ಬಾಂಧವ್ಯವನ್ನು ಹೊತ್ತು ಹೋಗಲಿಲ್ಲ. ಸಂಕಟವೇ ಅವರ ಬಾಂಧವ್ಯವನ್ನು ರೂಪಿಸಿತು.

ಕಾರಾಗೃಹದಿಂದ ಬಂದ ಪತ್ರ

1908ರಲ್ಲಿ ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲಿನಲ್ಲಿ ಭಾರತೀಯರ ಸತ್ಯಾಗ್ರಹ ನಡೆಯುತ್ತಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ಗಾಂಧೀಜಿ ಬಂಧಿತರಾಗಿ ಫೋಕ್ಸ್‌ರಸ್ಟ್ ಜೈಲು ಸೇರಿದರು. ಅತ್ತ ದರ್ಬಾನಿನ ಸಮೀಪದ ಫೀನಿಕ್ಸ್ ಆಶ್ರಮದಲ್ಲಿ ಕಸ್ತೂರಬಾ ಪದೇ ಪದೇ ಆಗುತ್ತಿದ್ದ ರಕ್ತಸ್ರಾವದಿಂದ ಹಾಸಿಗೆ ಹಿಡಿದಿದ್ದರು. ಆಶ್ರಮದ ಸಹವಾಸಿ ಆಲ್ಬರ್ಟ್ ವೆಸ್ಟ್ ಈ ಸುದ್ದಿಯನ್ನು ತಂತಿಯ ಮೂಲಕ ಜೈಲಿಗೆ ತಿಳಿಸಿದರು.

ದಂಡ ಕಟ್ಟಿದ್ದರೆ ಗಾಂಧೀಜಿ ಅಂದೇ ಹೊರಬರಬಹುದಾಗಿತ್ತು. ಅವರು ಕಟ್ಟಲಿಲ್ಲ. 1908ರ ನವೆಂಬರ್ 9ರಂದು ಗುಜರಾತಿಯಲ್ಲಿ ಪತ್ನಿಗೆ ಪತ್ರ ಬರೆದರು. ಸುದ್ದಿ ಕೇಳಿ ಹೃದಯ ಸೀಳಿದಂತಾಗಿದೆ, ಆದರೂ ದಂಡ ತೆತ್ತು ಬರುವಂತಿಲ್ಲ. ಧೈರ್ಯವಾಗಿದ್ದು ಸರಿಯಾದ ಆಹಾರ ತೆಗೆದುಕೊಂಡರೆ ಗುಣವಾಗುವುದು. ಒಂದು ವೇಳೆ ಮರಣವೇ ಬಂದರೂ ತನ್ನ ಪಾಲಿಗೆ ನೀನು ಬದುಕಿಯೇ ಇರುವೆ, ತಾನು ಮರುಮದುವೆಯಾಗುವುದಿಲ್ಲ ಎಂಬುದು ಆ ಪತ್ರದ ಸಾರಾಂಶ.

ಇಂದಿನ ಓದುಗರಿಗೆ ಈ ಪತ್ರ ಕಠಿಣವೆನಿಸದಿರದು. ಸಾಯುತ್ತಿರಬಹುದಾದ ಹೆಂಡತಿಗೆ ಸಾವಿನ ಮಾತು ಬರೆಯಬಹುದೇ? ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಆದರೆ ಸತ್ಯಾಗ್ರಹಿಗಳಾಗಿ ನೂರಾರು ಬಡ ಭಾರತೀಯರು ಹೆಂಡತಿ ಮಕ್ಕಳನ್ನು ಬಿಟ್ಟು ಸೆರೆಗೆ ಹೋಗಿದ್ದರು. ನಾಯಕನಾದವನು ತನ್ನ ಮನೆಯ ಕಷ್ಟಕ್ಕೆ ಒಂದು ನ್ಯಾಯ, ಅನ್ಯರ ಮನೆಯ ಕಷ್ಟಕ್ಕೆ ಇನ್ನೊಂದು ನ್ಯಾಯ ಎಂದು ಎರಡು ಲೆಕ್ಕದ ಪುಸ್ತಕ ಇಡುವಂತಿರಲಿಲ್ಲ. ಪತ್ನಿಯಿಂದ ಏನನ್ನೂ ಮುಚ್ಚಿಡದೆ ಆಕೆಯನ್ನು ಆ ಹೋರಾಟದ ಸಮಭಾಗಿಯೆಂದು ಪರಿಗಣಿಸಿದ್ದು ಈ ಪತ್ರದ ಗುಣ; ಆಕೆಯ ಅಭಿಪ್ರಾಯವನ್ನು ಮೊದಲೇ ಕೇಳದೆ ಆ ಪಾಲನ್ನು ಆಕೆಯ ಹೆಗಲಿಗೆ ಹೊರಿಸಿದ್ದು ಅದರ ದೋಷ. ಎರಡನ್ನೂ ಕಾಣುವುದೇ ಅನೇಕಾಂತ ದೃಷ್ಟಿ.

ವೈದ್ಯನ ಸಾರು, ರೋಗಿಯ ಸಂಕಲ್ಪ

ಡಿಸೆಂಬರ್ ತಿಂಗಳಲ್ಲಿ ಗಾಂಧೀಜಿ ಬಿಡುಗಡೆ ಹೊಂದಿದರು. 1909ರ ಜನವರಿಯಲ್ಲಿ ದರ್ಬಾನಿನಲ್ಲಿ ಕಸ್ತೂರಬಾ ಅವರಿಗೆ ಶಸ್ತ್ರಚಿಕಿತ್ಸೆ ನಡೆಯಿತು. ದೇಹ ಎಷ್ಟು ಕೃಶವಾಗಿತ್ತೆಂದರೆ ಕ್ಲೋರೋಫಾರಂ ಕೊಡಲು ವೈದ್ಯರಿಗೆ ಧೈರ್ಯ ಬರಲಿಲ್ಲ. ಎಚ್ಚರವಿರುವಾಗಲೇ ನಡೆದ ಆ ಶಸ್ತ್ರಕ್ರಿಯೆಯ ನೋವನ್ನು ಆಕೆ ಅಪಾರ ಧೈರ್ಯದಿಂದ ಸಹಿಸಿದರು. ವೈದ್ಯರು ಕುಟುಂಬಕ್ಕೆ ಸ್ನೇಹಿತರು. ಅವರೂ ಅವರ ಪತ್ನಿಯೂ ರೋಗಿಯನ್ನು ಅಕ್ಕರೆಯಿಂದ ನೋಡಿಕೊಂಡರು. ಅವರ ಭರವಸೆಯ ಮೇಲೆ ಗಾಂಧೀಜಿ ಜೋಹಾನ್ಸ್‌ಬರ್ಗಿಗೆ ತೆರಳಿದರು.

ಕೆಲವೇ ದಿನಗಳಲ್ಲಿ ಸ್ಥಿತಿ ಬಿಗಡಾಯಿಸಿತು. ಹಾಸಿಗೆಯಲ್ಲಿ ಎದ್ದು ಕೂರುವ ಶಕ್ತಿಯೂ ಉಳಿಯಲಿಲ್ಲ. ಒಮ್ಮೆ ಪ್ರಜ್ಞೆಯೂ ತಪ್ಪಿತು. ವೈದ್ಯರು ಟೆಲಿಫೋನ್ ಮಾಡಿ ಗೋಮಾಂಸದ ಸಾರು ಕೊಡಲು ಅನುಮತಿ ಕೇಳಿದರು. ತಾನು ಅನುಮತಿ ಕೊಡಲಾರೆ, ರೋಗಿಯು ತನ್ನ ಇಚ್ಛೆಯನ್ನು ಹೇಳುವ ಸ್ಥಿತಿಯಲ್ಲಿದ್ದರೆ ಆಕೆಯನ್ನೇ ಕೇಳಿರಿ, ಆಕೆ ಸ್ವತಂತ್ರಳು ಎಂದು ಗಾಂಧೀಜಿ ಉತ್ತರಿಸಿದರು. ಇಂಥ ವಿಷಯದಲ್ಲಿ ರೋಗಿಯನ್ನು ಕೇಳುವ ಪದ್ಧತಿ ತನ್ನದಲ್ಲ, ಆಹಾರದ ವಿಷಯದಲ್ಲಿ ತನಗೆ ಪೂರ್ಣ ಸ್ವಾತಂತ್ರ್ಯ ಕೊಡದಿದ್ದರೆ ಪ್ರಾಣದ ಹೊಣೆ ತನ್ನದಲ್ಲವೆಂದು ವೈದ್ಯರು ಖಡಾಖಂಡಿತವಾಗಿ ತಿಳಿಸಿದರು. ಗಾಂಧೀಜಿ ಅಂದೇ ರೈಲು ಹತ್ತಿದರು. ದರ್ಬಾನ್ ತಲುಪಿದಾಗ ವೈದ್ಯರು ಶಾಂತವಾಗಿಯೇ ಸತ್ಯ ನುಡಿದರು: ಟೆಲಿಫೋನ್ ಮಾಡುವ ಮೊದಲೇ ಸಾರನ್ನು ಕೊಟ್ಟಾಗಿತ್ತು!

ಇದು ವಂಚನೆಯೆಂದು ಗಾಂಧೀಜಿ ಹೇಳಿದರು. ಪ್ರಾಣ ಉಳಿಸುವುದಕ್ಕಾಗಿ ರೋಗಿಯನ್ನಾಗಲಿ ಬಂಧುಗಳನ್ನಾಗಲಿ ವಂಚಿಸುವುದು ವೈದ್ಯರಿಗೆ ಪುಣ್ಯವೇ ಹೊರತು ಪಾಪವಲ್ಲವೆಂದು ವೈದ್ಯರ ವಾದ. ವೈದ್ಯರ ಸದುದ್ದೇಶದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಗಾಂಧೀಜಿಯೂ ಅವರ ಉಪಕಾರವನ್ನು ಕೊನೆಯವರೆಗೂ ಸ್ಮರಿಸಿದರು. ಆದರೆ ಇಲ್ಲಿ ಸೂಕ್ಷ್ಮವಾದ ಧರ್ಮವಿಚಾರವಿದೆ. ಹಿಂಸೆಯನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಾಗಿ ನಮ್ಮ ಆಚಾರ್ಯರು ವಿಂಗಡಿಸಿದ್ದಾರೆ. ಪ್ರಜ್ಞೆಯಿಲ್ಲದ ರೋಗಿಗೆ ತಿಳಿಯದೆ ಕುಡಿಸಿದ ಸಾರಿನಲ್ಲಿ ಆ ರೋಗಿಯ ಕೃತವೂ ಇಲ್ಲ, ಕಾರಿತವೂ ಇಲ್ಲ, ಅನುಮೋದನೆಯೂ ಇಲ್ಲ. ವ್ರತಭಂಗದ ದೋಷ ಕಸ್ತೂರಬಾ ಅವರನ್ನು ತಟ್ಟಲಿಲ್ಲ. ಆದರೆ ಗಾಂಧೀಜಿ ವಿಷಯ ತಿಳಿದ ಮೇಲೂ ಮೌನವಾಗಿದ್ದು ಅದನ್ನೇ ಮುಂದುವರಿಸಲು ಬಿಟ್ಟಿದ್ದರೆ ಅನುಮೋದನೆಯ ಭಾರ ಅವರ ಮೇಲೆ ಬೀಳುತ್ತಿತ್ತು. ಅದಕ್ಕಿಂತಲೂ ಮಿಗಿಲಾಗಿ, ಪತ್ನಿಯನ್ನು ವಂಚಿಸಿ ಬದುಕಿಸಿದ ಅಸತ್ಯವೊಂದು ಅವರಿಬ್ಬರ ನಡುವೆ ಜೀವಮಾನವಿಡೀ ನಿಲ್ಲುತ್ತಿತ್ತು.

ಅಲ್ಲಿದ್ದ ಮಗನೊಡನೆ ಆಲೋಚಿಸಿ ಗಾಂಧೀಜಿ ಪತ್ನಿಯ ಹಾಸಿಗೆಯ ಬಳಿಗೆ ಬಂದರು. ಮಾತನಾಡಲೂ ತ್ರಾಣವಿಲ್ಲದ ಆಕೆಗೆ ನಡೆದುದನ್ನೆಲ್ಲ ತಿಳಿಸಿದರು. ಆಕೆಯ ಉತ್ತರ ದೃಢವಾಗಿತ್ತು. ಮಾನವಜನ್ಮ ದುರ್ಲಭವಾದುದು, ಅದನ್ನು ಇಂಥ ಪದಾರ್ಥದಿಂದ ಮಲಿನಗೊಳಿಸುವುದಕ್ಕಿಂತ ನಿಮ್ಮ ತೊಡೆಯ ಮೇಲೆ ಪ್ರಾಣ ಬಿಡುವುದೇ ಲೇಸು ಎಂಬ ಅಭಿಪ್ರಾಯವನ್ನು ಆಕೆ ವ್ಯಕ್ತಪಡಿಸಿದರು. ಗಾಂಧೀಜಿ ಅಷ್ಟಕ್ಕೇ ತೃಪ್ತರಾಗಲಿಲ್ಲ. ನೀನು ನನ್ನ ದಾರಿಯನ್ನೇ ಅನುಸರಿಸಬೇಕೆಂದಿಲ್ಲ, ಔಷಧವೆಂದು ಮದ್ಯಮಾಂಸಗಳನ್ನು ಸೇವಿಸಿದ ಹಿಂದೂ ಸ್ನೇಹಿತರೂ ಇದ್ದಾರೆ ಎಂದು ಬಿಡಿಸಿ ಹೇಳಿದರು. ಆಕೆ ಅಲುಗಲಿಲ್ಲ, ತನ್ನನ್ನು ಇಲ್ಲಿಂದ ಕೂಡಲೇ ಕರೆದೊಯ್ಯಿರೆಂದರು.

ಹತ್ತು ವರ್ಷಗಳ ಹಿಂದೆ ಕೈಹಿಡಿದು ಬಾಗಿಲಿಗೆ ಎಳೆದ ಪತಿಯು ಇಂದು ಹಾಸಿಗೆಯ ಬಳಿ ಕುಳಿತು, ನಿನ್ನ ಇಚ್ಛೆಯೇನು ಎಂದು ಕೇಳುತ್ತಿರುವುದನ್ನು ಗಮನಿಸಬೇಕು.

ಜಿಟಿಜಿಟಿ ಮಳೆಯ ಪಯಣ

ಈ ಸ್ಥಿತಿಯಲ್ಲಿ ಸಾಗಿಸಿದರೆ ದಾರಿಯಲ್ಲಿಯೇ ಪ್ರಾಣ ಹೋದೀತೆಂದು ವೈದ್ಯರು ಎಚ್ಚರಿಸಿದರು. ಹೊರಗೆ ಜಿಟಿಜಿಟಿ ಮಳೆ. ರೈಲ್ವೆ ನಿಲ್ದಾಣ ದೂರವಿತ್ತು. ಫೀನಿಕ್ಸ್ ನಿಲ್ದಾಣದಲ್ಲಿ ಇಳಿದ ಮೇಲೆ ಆಶ್ರಮಕ್ಕೆ ಎರಡೂವರೆ ಮೈಲಿ ದಾರಿ. ಗಾಂಧೀಜಿ ಮುಂದಾಗಿಯೇ ಆಶ್ರಮಕ್ಕೆ ಆಳನ್ನು ಕಳುಹಿಸಿ, ಜೋಲಿ, ಬಿಸಿ ಹಾಲಿನ ಸೀಸೆ, ಬಿಸಿನೀರು ಮತ್ತು ಹೊರಲು ಆರು ಜನರೊಂದಿಗೆ ನಿಲ್ದಾಣಕ್ಕೆ ಬರಬೇಕೆಂದು ವೆಸ್ಟರಿಗೆ ತಿಳಿಸಿದರು.

ರಿಕ್ಷಾದಲ್ಲಿ ನಿಲ್ದಾಣ ಸೇರಿದರೂ ವಿಶಾಲವಾದ ಪ್ಲಾಟ್‌ಫಾರಮ್ಮಿನೊಳಗೆ ರಿಕ್ಷಾ ಹೋಗುವಂತಿರಲಿಲ್ಲ. ಹಲವು ದಿನಗಳಿಂದ ಆಹಾರವಿಲ್ಲದೆ ಚರ್ಮ ಮೂಳೆಗಳಷ್ಟೇ ಉಳಿದಿದ್ದ ಪತ್ನಿಯನ್ನು ಗಾಂಧೀಜಿ ತೋಳುಗಳಲ್ಲಿ ಎತ್ತಿಕೊಂಡು ಹೋಗಿ ಗಾಡಿಯಲ್ಲಿ ಮಲಗಿಸಿದರು. ದಾರಿಯುದ್ದಕ್ಕೂ ಧೈರ್ಯ ಹೇಳಿದವರು ಅವರಲ್ಲ. ತನಗೇನೂ ಆಗುವುದಿಲ್ಲ, ಚಿಂತಿಸಬೇಡಿರೆಂದು ಕಸ್ತೂರಬಾ ಅವರೇ ಪತಿಯನ್ನು ಸಂತೈಸಿದರು. ಆಶ್ರಮ ಸೇರಿದ ಬಳಿಕ ಜಲಚಿಕಿತ್ಸೆ ಮತ್ತು ಆರೈಕೆಗಳಿಂದ ನಿಧಾನವಾಗಿ ಚೇತರಿಸಿಕೊಂಡರು. ಎರಡು ಮೂರು ದಿನಗಳಲ್ಲಿ ಸ್ವಾಮಿಯೊಬ್ಬರು ಬಂದು ಸ್ಮೃತಿವಾಕ್ಯಗಳನ್ನು ಉದ್ಧರಿಸಿ, ಔಷಧರೂಪದ ಮಾಂಸ ದೋಷವಲ್ಲವೆಂದು ವಾದಿಸಿದರು. ಆಕೆ ಚರ್ಚೆಗೆ ಇಳಿಯಲಿಲ್ಲ. ತನ್ನ ಶ್ರದ್ಧೆ ತನಗಿದೆ, ತಲೆ ಕೆಡಿಸಬೇಡಿರೆಂಬರ್ಥದ ಮಾತಾಡಿ ಆ ಪ್ರಸಂಗವನ್ನು ಮುಗಿಸಿದರು.

ಉಪ್ಪು ಮತ್ತು ಬೇಳೆ

ಸ್ವಲ್ಪ ಕಾಲದಲ್ಲಿಯೇ ರಕ್ತಸ್ರಾವ ಮರುಕಳಿಸಿತು. ದುರ್ಬಲ ಶರೀರಕ್ಕೆ ಉಪ್ಪು ಮತ್ತು ಬೇಳೆಗಳು ಹಿತವಲ್ಲವೆಂದು ಎಲ್ಲಿಯೋ ಓದಿದ್ದ ಗಾಂಧೀಜಿ ಅವೆರಡನ್ನೂ ಬಿಡುವಂತೆ ಪತ್ನಿಗೆ ಹೇಳಿದರು. ಮಾಂಸದ ಸಾರನ್ನು ಪ್ರಾಣದ ಮೇಲಿನ ಆಸೆ ಬಿಟ್ಟು ನಿರಾಕರಿಸಿದ ಕಸ್ತೂರಬಾ ಅವರಿಗೆ ನಿತ್ಯದ ಉಪ್ಪು ಬೇಳೆಗಳನ್ನು ಬಿಡುವುದು ಕಷ್ಟವಾಯಿತು. ಗಾಂಧೀಜಿ ಎಷ್ಟು ಒತ್ತಾಯಿಸಿದರೂ ಒಪ್ಪಲಿಲ್ಲ. ವೈದ್ಯರು ಹೇಳಿದರೆ ನೀವಾದರೂ ಬಿಡುವಿರೋ ಎಂದು ತಿರುಗಿ ಕೇಳಿದರು. ಮನುಷ್ಯಸ್ವಭಾವ ಹೀಗೆಯೇ. ದೊಡ್ಡ ತ್ಯಾಗವನ್ನು ಒಂದೇ ನಿಶ್ಚಯದಿಂದ ಮಾಡಬಹುದು. ತಟ್ಟೆಯಲ್ಲಿ ದಿನಕ್ಕೆರಡು ಬಾರಿ ಎದುರಾಗುವ ಸಣ್ಣ ತ್ಯಾಗವೇ ದುಸ್ತರ. ನಮ್ಮಲ್ಲಿ ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ಆರು ರಸಗಳ ಪರಿತ್ಯಾಗವನ್ನು ಬಾಹ್ಯತಪಸ್ಸುಗಳಲ್ಲಿ ಎಣಿಸಿರುವುದು ಈ ಕಾರಣದಿಂದಲೇ.

ಗಾಂಧೀಜಿ ಕೋಪಗೊಳ್ಳಲಿಲ್ಲ. ವೈದ್ಯರು ಹೇಳಿದರೆ ತಾನು ಖಂಡಿತ ಬಿಡುತ್ತೇನೆ. ಯಾವ ವೈದ್ಯರೂ ಹೇಳದಿದ್ದರೂ ಇಂದಿನಿಂದ ಒಂದು ವರ್ಷ ತಾನೇ ಉಪ್ಪು ಬೇಳೆಗಳನ್ನು ಬಿಟ್ಟಿದ್ದೇನೆ, ನೀನು ಬಿಟ್ಟರೂ ಸರಿ, ಬಿಡದಿದ್ದರೂ ಸರಿ ಎಂದುಬಿಟ್ಟರು. ಕಸ್ತೂರಬಾ ತಲ್ಲಣಿಸಿದರು. ಕ್ಷಮಿಸಿರೆಂದು ಬೇಡಿದರು, ತಾನು ಬಿಡುತ್ತೇನೆ, ನೀವು ಪ್ರತಿಜ್ಞೆಯನ್ನು ಹಿಂದೆಗೆದುಕೊಳ್ಳಿರೆಂದು ಅಂಗಲಾಚಿದರು. ಕೈಗೊಂಡ ವ್ರತವನ್ನು ಹಿಂದೆಗೆಯಲು ಗಾಂಧೀಜಿ ಒಪ್ಪದಾಗ, ನೀವು ಬಲು ಹಟಮಾರಿಗಳು, ಯಾರ ಮಾತನ್ನೂ ಕೇಳುವವರಲ್ಲವೆಂದು ಕಣ್ಣೀರು ಸುರಿಸಿದರು. ಈ ಪ್ರಸಂಗವನ್ನು ಗಾಂಧೀಜಿ ಸತ್ಯಾಗ್ರಹವೆಂದೇ ಕರೆದು, ತಮ್ಮ ಜೀವನದ ಸವಿನೆನಪುಗಳಲ್ಲಿ ಸೇರಿಸಿದ್ದಾರೆ. ಪತ್ನಿಯ ದೃಷ್ಟಿಯಿಂದ ಅದು ಅಷ್ಟು ಸವಿಯಾಗಿತ್ತೋ ಇಲ್ಲವೋ ಎಂಬುದನ್ನು ವಾಚಕರೇ ಊಹಿಸಬಹುದು. ಪ್ರೀತಿಯಿಂದ ಮಾಡಿದ ತ್ಯಾಗವೂ ಇನ್ನೊಬ್ಬರ ಮೇಲೆ ಹೇರಿದ ಒತ್ತಾಯವಾಗಬಲ್ಲದು. ಆದರೂ ಪಥ್ಯವನ್ನು ಬೋಧಿಸುವುದಕ್ಕೂ ಪಥ್ಯದಲ್ಲಿ ಪಾಲುದಾರನಾಗುವುದಕ್ಕೂ ಇರುವ ಅಂತರ ದೊಡ್ಡದು.

ಅಲ್ಲಿಂದ ಮುಂದೆ ಕಸ್ತೂರಬಾ ಬೇಗನೆ ಸುಧಾರಿಸಿದರು, ರಕ್ತಸ್ರಾವ ನಿಂತಿತು. ಇದು ಉಪ್ಪು ಬೇಳೆ ಬಿಟ್ಟದ್ದರ ಫಲವೋ, ಬೇರೆ ನಿಯಮಗಳ ಫಲವೋ, ಮನಸ್ಸಿಗೆ ದೊರೆತ ಸಂತೋಷದ ಫಲವೋ ತಾವು ಹೇಳಲಾರೆವೆಂದು ಗಾಂಧೀಜಿ ಬರೆದಿರುವುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಆದುದರಿಂದ ಇದನ್ನು ವೈದ್ಯಶಾಸ್ತ್ರದ ಪಾಠವೆಂದು ಯಾರೂ ತಿಳಿಯಬಾರದು. ಇದು ಬಾಂಧವ್ಯದ ಪಾಠ.

ಸೆರೆಮನೆಯ ಹಾದಿ

1913ರ ಮಾರ್ಚ್ 14ರಂದು ಕೇಪ್ ಪ್ರಾಂತದ ನ್ಯಾಯಾಧೀಶ ಸರ್ಲ್ ಅವರು ನೀಡಿದ ತೀರ್ಪಿನಿಂದ, ಕ್ರೈಸ್ತ ವಿಧಿಯಂತೆ ನಡೆದು ನೋಂದಣಿಯಾಗದ ವಿವಾಹಗಳು ದಕ್ಷಿಣ ಆಫ್ರಿಕದಲ್ಲಿ ಸಿಂಧುವಲ್ಲವೆಂದಾಯಿತು. ಭಾರತೀಯ ಪತ್ನಿಯರೆಲ್ಲ ಒಂದೇ ದಿನದಲ್ಲಿ ಕಾನೂನಿನ ಕಣ್ಣಿಗೆ ಪತ್ನಿಯರಲ್ಲದವರಾದರು. ಸ್ತ್ರೀಯರೂ ಸತ್ಯಾಗ್ರಹಕ್ಕೆ ಇಳಿಯುವುದೆಂದು ತೀರ್ಮಾನವಾಯಿತು. ಪತ್ನಿಯು ತನ್ನ ಒತ್ತಾಯಕ್ಕೆ ಕಟ್ಟುಬಿದ್ದು ಸೆರೆಗೆ ಹೋಗಬಾರದೆಂದು ಗಾಂಧೀಜಿ ಈ ಬಾರಿ ಆಕೆಯೊಡನೆ ಮಾತೆತ್ತಲಿಲ್ಲ. ಇತರರೊಡನೆ ಆಡಿದ ಮಾತು ಕಿವಿಗೆ ಬಿದ್ದೊಡನೆ ಕಸ್ತೂರಬಾ ನೊಂದುಕೊಂಡರು: ನೀವೂ ಮಕ್ಕಳೂ ಸಹಿಸಬಲ್ಲ ಕಷ್ಟವನ್ನು ತಾನೇಕೆ ಸಹಿಸಲಾರೆ? ತನ್ನಲ್ಲಿ ಏನು ಕೊರತೆಯಿದೆ?

1913ರ ಸೆಪ್ಟೆಂಬರಿನಲ್ಲಿ ಗಡಿ ದಾಟಿದ ಮೊದಲ ತಂಡದಲ್ಲಿ ಅವರಿದ್ದರು. ಮೂರು ತಿಂಗಳ ಕಠಿಣ ಶಿಕ್ಷೆಯನ್ನು ಮ್ಯಾರಿಟ್ಸ್‌ಬರ್ಗ್ ಜೈಲಿನಲ್ಲಿ ಅನುಭವಿಸಿ ಡಿಸೆಂಬರಿನಲ್ಲಿ ಹೊರಬಂದಾಗ ದೇಹ ಮತ್ತೆ ತೀರ ಸೊರಗಿಹೋಗಿತ್ತು. 1914ರ ಆರಂಭದ ತಿಂಗಳುಗಳಲ್ಲಿ ಗಾಂಧೀಜಿ ರಾಜಕೀಯ ಮಾತುಕತೆಗಳ ನಡುವೆಯೂ ಆಕೆಯ ಶುಶ್ರೂಷೆಯನ್ನು ಸ್ವತಃ ಮಾಡಿದರು. ಜೈಲಿನಿಂದ ಬಂದ ಪತ್ರವು ಹೊರಿಸಿದ್ದ ಪಾಲನ್ನು ಈಗ ಆಕೆ ತಾನಾಗಿ ಕೇಳಿ ಪಡೆದರು.

ತಕ್ಕಡಿ ತಿರುಗಿದಾಗ

1918ರಲ್ಲಿ ಸರದಿ ಗಾಂಧೀಜಿಯವರದು. ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನರನ್ನು ಸೇರಿಸುವ ಕೆಲಸದಲ್ಲಿ ಹಳ್ಳಿಹಳ್ಳಿ ಅಲೆಯುತ್ತ, ನೆಲಗಡಲೆ ಮತ್ತು ನಿಂಬೆಹಣ್ಣುಗಳನ್ನೇ ಮುಖ್ಯ ಆಹಾರವಾಗಿ ಮಾಡಿಕೊಂಡಿದ್ದರು. ಆಮಶಂಕೆ ಆರಂಭವಾಯಿತು. ಹಬ್ಬದ ದಿನ ಮಧ್ಯಾಹ್ನ ಏನೂ ತಿನ್ನುವುದಿಲ್ಲವೆಂದಿದ್ದ ಪತಿಗಾಗಿ ಕಸ್ತೂರಬಾ, ತುಪ್ಪದ ಬದಲು ಎಣ್ಣೆ ಹಾಕಿ ಗೋಧಿಯ ಸಿಹಿ ಅಂಬಲಿಯನ್ನೂ ಒಂದು ಬಟ್ಟಲು ಹೆಸರುಕಾಳನ್ನೂ ಸಿದ್ಧಪಡಿಸಿಟ್ಟಿದ್ದರು. ಆಕೆಯ ಸಂತೋಷಕ್ಕೆಂದು ಸ್ವಲ್ಪ ತಿನ್ನಲು ಕುಳಿತ ಗಾಂಧೀಜಿ ಹೊಟ್ಟೆ ತುಂಬ ತಿಂದರು. ಒಂದು ತಾಸಿನೊಳಗೆ ರೋಗ ಉಲ್ಬಣಿಸಿತು. ಅದಕ್ಕೆ ಅವರು ದೂರಿದ್ದು ತಮ್ಮ ಜಿಹ್ವಾಚಾಪಲ್ಯವನ್ನು, ಪತ್ನಿಯನ್ನಲ್ಲ. ನಡಿಯಾದಿನಿಂದ ಅವರನ್ನು ಅಹಮದಾಬಾದಿನ ತಮ್ಮ ಬಂಗಲೆಗೆ ಕರೆತಂದು ಆರೈಕೆ ಮಾಡಿದವರು ಜೈನ ಮನೆತನದ ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯಿ ಮತ್ತು ಅವರ ಪತ್ನಿ ಸರಳಾದೇವಿ. ಅದೇ ವರ್ಷದ ಗಿರಣಿ ಮುಷ್ಕರದಲ್ಲಿ ಗಾಂಧೀಜಿಯವರ ಎದುರುಪಕ್ಷದಲ್ಲಿದ್ದವರು ಇದೇ ಅಂಬಾಲಾಲರು ಎಂಬುದು ಸ್ಮರಣೀಯ.

ತಿಂಗಳುಗಳು ಕಳೆದರೂ ಶರೀರ ತುಂಬಿಕೊಳ್ಳಲಿಲ್ಲ. 1919ರ ಆರಂಭದಲ್ಲಿ ಮುಂಬಯಿಯ ಡಾಕ್ಟರ್ ದಲಾಲರು ಶಸ್ತ್ರಚಿಕಿತ್ಸೆ ಮಾಡಿ, ಹಾಲು ಕುಡಿಯದೆ ಈ ದೇಹ ಮತ್ತೆ ಕಟ್ಟಿಕೊಳ್ಳದೆಂದರು. ಆದರೆ ಗಾಂಧೀಜಿ 1912ರಲ್ಲಿ ಟಾಲ್‌ಸ್ಟಾಯ್ ಫಾರಮ್ಮಿನಲ್ಲಿ ಹಾಲನ್ನು ತ್ಯಜಿಸಿದ್ದರು. ಹಾಲು ವಿಕಾರಗಳನ್ನು ಪ್ರಚೋದಿಸುವುದೆಂಬ ಮಾತನ್ನು ಅವರು ಮೊದಲು ಕೇಳಿದ್ದು ರಾಜಚಂದ್ರರಿಂದ. ಕಡೆಯ ತೊಟ್ಟನ್ನೂ ಹಿಂಡಲು ಕಲ್ಕತ್ತೆಯಲ್ಲಿ ಹಸು ಎಮ್ಮೆಗಳಿಗೆ ಕೊಡುತ್ತಿದ್ದ ಫೂಕಾ ಎಂಬ ಹಿಂಸೆಯ ಸುದ್ದಿ ಆ ನಿಶ್ಚಯವನ್ನು ದೃಢಪಡಿಸಿತ್ತು. ಈ ಕಾರಣವನ್ನು ಅವರು ವೈದ್ಯರಿಗೆ ವಿವರಿಸುತ್ತಿದ್ದಾಗ ಹಾಸಿಗೆಯ ಪಕ್ಕದಲ್ಲಿದ್ದ ಕಸ್ತೂರಬಾ, ಹಾಗಾದರೆ ಆಡಿನ ಹಾಲಿಗೆ ಅಡ್ಡಿಯಿಲ್ಲವಲ್ಲ ಎಂದರು. ಅಷ್ಟಾದರೆ ತನಗೆ ಸಾಕೆಂದರು ವೈದ್ಯರು.

ಗಾಂಧೀಜಿ ಸೋತರು. ರೌಲತ್ ಕಾಯಿದೆಯ ವಿರುದ್ಧ ಸತ್ಯಾಗ್ರಹ ಹೂಡಬೇಕೆಂಬ ತವಕದಿಂದ ಬದುಕುವ ಆಸೆ ಅವರಲ್ಲಿ ಪ್ರಬಲವಾಗಿತ್ತು. ವ್ರತ ತೊಡುವಾಗ ಮನಸ್ಸಿನಲ್ಲಿದ್ದುದು ಹಸು ಎಮ್ಮೆಗಳೇ ಆದರೂ ಎಲ್ಲ ಹಾಲಿಗೂ ಅದು ಅನ್ವಯಿಸಬೇಕಾಗಿತ್ತು. ತಾವು ಅಕ್ಷರವನ್ನು ಉಳಿಸಿ ಆತ್ಮವನ್ನು ಕೊಂದೆವೆಂದು ಅವರು ಮುಂದೆ ಪಶ್ಚಾತ್ತಾಪಪಟ್ಟರು. ಆದರೆ ಈ ಕಾರಣಕ್ಕಾಗಿ ಪತ್ನಿಯ ಮೇಲೆ ಅಪವಾದ ಹೊರಿಸಲಿಲ್ಲ.

ಹತ್ತು ವರ್ಷಗಳ ಹಿಂದೆ ತನ್ನ ಪ್ರಾಣದ ಪ್ರಶ್ನೆ ಬಂದಾಗ ಎಳ್ಳಷ್ಟೂ ಸಡಿಲಿಕೆಗೆ ಒಪ್ಪದ ಕಸ್ತೂರಬಾ, ಪತಿಯ ಪ್ರಾಣದ ಪ್ರಶ್ನೆ ಬಂದಾಗ ಸಡಿಲಿಕೆಯ ದಾರಿಯನ್ನು ತಾನೇ ಹುಡುಕಿದರು. ತನ್ನ ವ್ರತದಲ್ಲಿ ಕಠೋರತೆ, ಆತ್ಮೀಯರ ದುರ್ಬಲತೆಯಲ್ಲಿ ಕರುಣೆ! ವ್ರತಿಕರಾದವರು ಎರಡು ಬಾರಿ ಓದಿ ಮನನ ಮಾಡಬೇಕಾದ ಅಂಶವಿದು. ನಮ್ಮಲ್ಲಿ ಹಲವರದು ಇದಕ್ಕೆ ತಿರುಗುಮುರುಗಾದ ನಡತೆ.

1927ರಲ್ಲಿ ರಕ್ತದೊತ್ತಡದಿಂದ ಕುಸಿದ ಗಾಂಧೀಜಿ ವಿಶ್ರಾಂತಿಗೆಂದು ನಮ್ಮ ನಂದಿಬೆಟ್ಟಕ್ಕೆ ಬಂದಾಗಲೂ ಕಸ್ತೂರಬಾ ಜೊತೆಯಲ್ಲಿದ್ದರು. ಬೆಟ್ಟದ ತಂಪು ಗಾಳಿಯಲ್ಲಿಯೂ ಆ ಬಳಿಕ ಬೆಂಗಳೂರಿನಲ್ಲಿಯೂ ಕಳೆದ ಆ ತಿಂಗಳುಗಳಿಂದ ಕನ್ನಡ ನಾಡು ಈ ಆರೈಕೆಯ ಕಥೆಗೆ ಸಾಕ್ಷಿಯಾಯಿತು.

ಮುರಿದ ಕೊಂಡಿ

ಕಷ್ಟವು ಎಲ್ಲ ಸಂಬಂಧಗಳನ್ನೂ ಬೆಸೆಯಿತೆಂದು ಹೇಳಿದರೆ ಇತಿಹಾಸಕ್ಕೆ ಅಪಚಾರವಾದೀತು. ಹಿರಿಯ ಮಗ ಹರಿಲಾಲರು ತಂದೆಯ ಹೋರಾಟದಲ್ಲಿ ಹಲವು ಬಾರಿ ಸೆರೆ ಕಂಡವರು. ಆದರೂ ಕ್ರಮಬದ್ಧ ವಿದ್ಯಾಭ್ಯಾಸದ ತಮ್ಮ ಹಂಬಲಕ್ಕೆ ತಂದೆಯಿಂದ ಮನ್ನಣೆ ದೊರೆಯಲಿಲ್ಲವೆಂಬ ನೋವಿನಿಂದ 1911ರಲ್ಲಿ ದೂರವಾದರು. ಆ ಬಿರುಕು ಕೊನೆಯವರೆಗೂ ಕೂಡಲಿಲ್ಲ. ತಾಯಿಗೆ ಈ ದುಃಖ ತಪ್ಪಲಿಲ್ಲ. 1909ರಲ್ಲಿ ಪತ್ನಿಯ ಹಾಸಿಗೆಯ ಬಳಿ ಕುಳಿತು ಕೇಳಿದ ಪ್ರಶ್ನೆಯನ್ನು ಗಾಂಧೀಜಿ ಮಗನ ಬಳಿಯೂ ಅಷ್ಟೇ ತಾಳ್ಮೆಯಿಂದ ಕೇಳಿದ್ದರೆ ಏನಾಗುತ್ತಿತ್ತೋ ಎಂಬ ಯೋಚನೆ ಸಹಜವಾಗಿ ಬರುತ್ತದೆ.

ಇನ್ನೊಂದು ಮಾತನ್ನೂ ಹೇಳಬೇಕು. ಈ ಪ್ರಸಂಗಗಳೆಲ್ಲ ನಮಗೆ ತಿಳಿದಿರುವುದು ಬಹುಮಟ್ಟಿಗೆ ಗಾಂಧೀಜಿಯವರ ಲೇಖನಿಯಿಂದ. ಅಲ್ಪಸ್ವಲ್ಪ ಗುಜರಾತಿ ಓದುಬರಹ ಬಲ್ಲ ಕಸ್ತೂರಬಾ ಆತ್ಮಕಥೆ ಬರೆಯಲಿಲ್ಲ. ಆ ಮೌನದ ಒಳಗೆ ಏನೇನಿತ್ತೋ! ಅಹಿಂಸೆಯ ಪಾಠವನ್ನು ತಾನು ಪತ್ನಿಯಿಂದ ಕಲಿತೆನೆಂದು ಗಾಂಧೀಜಿಯೇ ಹೇಳಿಕೊಂಡದ್ದು ಆ ಮೌನಕ್ಕೆ ಸಂದ ಗೌರವ.

ಕೊನೆಯ ಮಡಿಲು

1942ರ ಆಗಸ್ಟಿನಲ್ಲಿ ಬಂಧಿತರಾದ ಈ ದಂಪತಿಗಳನ್ನು ಪುಣೆಯ ಆಗಾಖಾನ್ ಅರಮನೆಯಲ್ಲಿ ಇರಿಸಲಾಯಿತು. 1943ರ ಫೆಬ್ರವರಿ 10ರಿಂದ ಗಾಂಧೀಜಿ ಕೈಗೊಂಡ 21 ದಿನಗಳ ಉಪವಾಸದಲ್ಲಿ ಕ್ಷೀಣಿಸುತ್ತಿದ್ದ ಆ ವೃದ್ಧದೇಹವನ್ನು ಕಸ್ತೂರಬಾ ಹಗಲಿರುಳು ನೋಡಿಕೊಂಡರು. ಮರುವರ್ಷ ಆಕೆಯೇ ಮರಣಶಯ್ಯೆಯಲ್ಲಿದ್ದರು. ಮಗ ದೇವದಾಸರು ಕಲ್ಕತ್ತೆಯಿಂದ ವಿಮಾನದಲ್ಲಿ ಪೆನಿಸಿಲಿನ್ ತರಿಸಿದ್ದರು. ಸಾಯುತ್ತಿರುವ ತಾಯಿಗೆ ಕೆಲವು ತಾಸುಗಳಿಗೊಮ್ಮೆ ಸೂಜಿ ಚುಚ್ಚಿ ನೋಯಿಸುವುದೇಕೆ ಎಂದು ಗಾಂಧೀಜಿ ಮಗನನ್ನು ಒಪ್ಪಿಸಿದರು. ತಂದೆ ಮಗ ಇಬ್ಬರದೂ ಪ್ರೀತಿಯೇ, ದಾರಿ ಬೇರೆ. 1944ರ ಫೆಬ್ರವರಿ 22ರ ಸಂಜೆ ಕಸ್ತೂರಬಾ ಪತಿಯ ಮಡಿಲಿನಲ್ಲಿ ಕೊನೆಯುಸಿರೆಳೆದರು. ಮೂವತ್ತೈದು ವರ್ಷಗಳ ಹಿಂದೆ ದರ್ಬಾನಿನ ಹಾಸಿಗೆಯಲ್ಲಿ ಆಡಿದ ಮಾತು ಹೀಗೆ ನಿಜವಾಯಿತು.

ಇಂದಿನ ನಮ್ಮ ಮನೆಗಳಲ್ಲಿ ಸ್ಥೂಲತೆಯೋ ಕೃಶತೆಯೋ, ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇಲ್ಲದ ಮನೆ ಅಪರೂಪ. ಅಲ್ಲಿಯೂ ಸಂಬಂಧಗಳು ನಿತ್ಯ ಒರೆಗಲ್ಲಿಗೆ ಹತ್ತುತ್ತವೆ. ದಪ್ಪಗಾದ ಸೊಸೆಯನ್ನು ನಾಲ್ಕು ಜನರೆದುರು ಹಾಸ್ಯ ಮಾಡುವವರಿದ್ದಾರೆ. ಸೊರಗಿದ ವೃದ್ಧರಿಗೆ ತಿಳಿಸದೆಯೇ ಅವರ ಚಿಕಿತ್ಸೆಯ ತೀರ್ಮಾನ ಮಾಡುವ ಮಕ್ಕಳಿದ್ದಾರೆ. ತಾವು ಸಿಹಿ ಮೆಲ್ಲುತ್ತ ಪಕ್ಕದವರಿಗೆ ಪಥ್ಯ ಬೋಧಿಸುವ ಯಜಮಾನರೂ ಇದ್ದಾರೆ. ರೋಗಿಯ ಒಪ್ಪಿಗೆ ಪಡೆದೇ ಚಿಕಿತ್ಸೆ ನೀಡಬೇಕೆಂಬ ತತ್ತ್ವವನ್ನು ಇಂದು ವೈದ್ಯಲೋಕವೇ ಅಂಗೀಕರಿಸಿದೆ. ಮನೆಯವರು ಅಷ್ಟನ್ನಾದರೂ ಅಂಗೀಕರಿಸಬೇಡವೇ?

ರೋಗಿಯೊಡನೆ ಸತ್ಯ ನುಡಿಯುವುದು, ಅವರ ಇಚ್ಛೆಯನ್ನು ಕೇಳುವುದು, ಅವರ ಪಥ್ಯದಲ್ಲಿ ತಾನೂ ಪಾಲುದಾರನಾಗುವುದು, ತನ್ನ ವ್ರತದ ಬಿಗಿಯನ್ನು ಅವರ ಮೇಲೆ ಹೇರದಿರುವುದು. ಮಾಡಿದ ಸೇವೆಯನ್ನು ಸಾಲದ ಖಾತೆಗೆ ಬರೆದು ಬಡ್ಡಿ ಎಣಿಸುವವನಿಗೆ ಇವು ಸಾಧ್ಯವಾಗಲಾರವು. ಪತ್ನಿಯೆಂಬ ಸಂಬಂಧಕ್ಕೆ ಬೆಲೆಯೋ, ಸಂಬಂಧವನ್ನು ಮೀರಿದ ಸೇವೆಗೆ ಬೆಲೆಯೋ ಎಂದು ಮುಂಬಯಿಯ ಆ ರತ್ನವ್ಯಾಪಾರಿ ಕೇಳಿದ ಪ್ರಶ್ನೆ ಇಂದಿಗೂ ಪ್ರತಿಯೊಬ್ಬ ಶ್ರಾವಕನ, ಶ್ರಾವಿಕೆಯ ಮನೆಯ ಬಾಗಿಲಲ್ಲಿ ಉತ್ತರಕ್ಕಾಗಿ ಕಾದಿದೆ.